ಅಪ್‌ಡೇಟ್: ಸೋಯಾ ಹಿಂಡಿ ಮೇವನ್ನು ರೋಹು ಮೀನು ಈಗ ತಿನ್ನುತ್ತಿದೆ

ಮೀನುಪುಡಿ ಪೂರ್ತಿ ತೆಗೆದು ಸೋಯಾ ಹಿಂಡಿ ಹಾಕಿದಾಗ ರೋಹು ಮೇವು ಬಿಡುತ್ತಿದೆ, ತೂಕವೂ ಏರುತ್ತಿಲ್ಲ, ಏನು ಮಾಡಲಿ ಎಂದು ಹಿಂದೆ ಕೇಳಿದ್ದೆ. ಕೈಹಿಡಿದದ್ದು ಇದು: ಕ್ವಿಂಟಲ್ ಮೇವಿಗೆ 5 ಕೆ.ಜಿ. ಮೀನುಪುಡಿ ರುಚಿಗಾಗಿ ಉಳಿಸಿ, ರಂಜಕಕ್ಕಾಗಿ (ಫಾಸ್ಫರಸ್) 1 ಕೆ.ಜಿ. ಮಾನೋಕ್ಯಾಲ್ಸಿಯಂ ಫಾಸ್ಫೇಟ್, ಸೋಯಾದಲ್ಲಿ ಕಡಿಮೆ ಇರುವ ಅಮೈನೋ ಆಮ್ಲವಾದ ಮೆಥಿಯೋನಿನ್ 300 ಗ್ರಾಂ ಸೇರಿಸುವುದು. ಮೇವು ಈಗ ಉಳಿಯುತ್ತಿಲ್ಲ. ತೂಕದ ಲೆಕ್ಕ ಮುಂದಿನ ಸಲ ಬಲೆ ಹಾಕಿದಾಗ ಸಿಗುತ್ತದೆ.

ಸೋಯಾದಲ್ಲಿ ಸಿಕ್ಕಿಕೊಂಡ ರಂಜಕವನ್ನು ಬಿಡಿಸುವ ಕಿಣ್ವವಾದ ಫೈಟೇಸ್ ಪುಡಿ ಉಪಯೋಗಕ್ಕೆ ಬರಲಿಲ್ಲ. ಮೇವನ್ನು ಗುಳಿಗೆ ಮಾಡುವ ಯಂತ್ರದ ಬಿಸಿಗೇ ಅದು ಬಹುಪಾಲು ಹಾಳಾಗುತ್ತದೆ. ಜೊತೆಗೆ, ನನಗೆ ನಿಜಕ್ಕೂ ಅಚ್ಚರಿಯಾದ ಸಂಗತಿ, ರೋಹು-ಕಾಟ್ಲಾಗಳಿಗೆ ಜಠರವೇ ಇಲ್ಲ! ಆಮ್ಲವಿಲ್ಲದ ಕರುಳಲ್ಲಿ ಸಾಮಾನ್ಯ ಫೈಟೇಸ್ ಸರಿಯಾಗಿ ದುಡಿಯದು, ರಂಜಕಕ್ಕೆಂದು ಹಾಕುವ ಇನ್ನೊಂದು ಲವಣ ಡೈಕ್ಯಾಲ್ಸಿಯಂ ಫಾಸ್ಫೇಟೂ ಚೆನ್ನಾಗಿ ಕರಗದು. ತಿಲಾಪಿಯಾ ಸಾಕುವವರಿಗೆ ಈ ತೊಡಕು ಕಡಿಮೆ, ಅದಕ್ಕೆ ಜಠರವಿದೆ.

ಶೇಂಗಾ ಹಿಂಡಿ ಬಳಸುವ ಸಲಹೆ ಕೈಬಿಟ್ಟೆ; ಮಳೆಗಾಲದಲ್ಲಿ ಬೂಸ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ಬೂಸ್ಟಿನ ವಿಷದ ಭಯ. ಮೆಥಿಯೋನಿನ್ ನೀರಲ್ಲಿ ಬೇಗ ಸೋರಿಹೋಗುತ್ತದೆ, ಹಾಗಾಗಿ ಗುಳಿಗೆ ಗಟ್ಟಿಯಾಗಿರಲಿ.