ಮದುವೆ ಶೂಟಿಂಗ್‌ಗೆ ಡಿಜೆಐ: ಸೆಕೆಂಡ್ ಹ್ಯಾಂಡ್ ಮಿನಿ 2 ಒಳ್ಳೆಯದಾ, ಪಾಕೆಟ್ 3 ಒಳ್ಳೆಯದಾ?

ಪಾಂಡವಪುರ ಸ್ಟುಡಿಯೋ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪಾಂಡವಪುರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ಬೀಗರೂಟ, ಗೃಹಪ್ರವೇಶ, ನಾಮಕರಣ, ಇವೇ ನಮ್ಮ ಕೆಲಸ. ಈಗೀಗ ಬುಕಿಂಗ್‌ಗೆ ಬಂದವರು ಕೂತ ತಕ್ಷಣ ಕೇಳುವುದೇ "ಡ್ರೋನ್ ಇದೆಯಾ" ಅಂತ. ಇಲ್ಲ ಅಂದರೆ ಎದ್ದು ಮಂಡ್ಯಕ್ಕೆ ಹೋಗುತ್ತಾರೆ. ಇಲ್ಲಿಯವರೆಗೆ ಬಾಡಿಗೆಗೆ ಹುಡುಗರನ್ನು ಕರೆಸುತ್ತಿದ್ದೆ. ಒಳ್ಳೆ ಮುಹೂರ್ತದ ದಿನ ಅವರೂ ಸಿಗುವುದಿಲ್ಲ.

ಮೈಸೂರಿನಲ್ಲಿ ಒಬ್ಬರು ಡಿಜೆಐ ಅನ್ನುವ ಚೀನಾ ಕಂಪನಿಯ ಮಿನಿ 2 ಡ್ರೋನ್ ಮಾರುತ್ತಿದ್ದಾರೆ. ಮೂರು ಬ್ಯಾಟರಿ, ರಿಮೋಟ್, ಬ್ಯಾಗ್ ಎಲ್ಲಾ ಸೇರಿ. "250 ಗ್ರಾಂ ಒಳಗಿದೆ, ಯಾವ ಪರ್ಮಿಷನ್ನೂ ಬೇಡ, ಎಲ್ಲಿ ಬೇಕಾದರೂ ಹಾರಿಸಿ" ಅನ್ನುತ್ತಾರೆ. ನನ್ನ ಜೊತೆ ಕೆಲಸ ಮಾಡುವ ಹುಡುಗ ಮಾತ್ರ, ಸ್ವಲ್ಪ ದುಡ್ಡು ಸೇರಿಸಿ ಅದೇ ಕಂಪನಿಯ, ಕೈಯಲ್ಲಿ ಹಿಡಿದು ತೆಗೆಯುವ ಪುಟ್ಟ ಕ್ಯಾಮೆರಾ ಆಸ್ಮೋ ಪಾಕೆಟ್ 3 ತಗೊಳ್ಳೋಣ ಅಂತ ಹಠ ಹಿಡಿದಿದ್ದಾನೆ. ದಿಬ್ಬಣದ ಜೊತೆ ನಡೆದುಕೊಂಡು ತೆಗೆಯುವ ವಿಡಿಯೋ ತುಂಬಾ ಅಲುಗಾಡುತ್ತದೆ, ಎಡಿಟಿಂಗ್‌ನಲ್ಲಿ ಕತ್ತರಿಸಿ ಕತ್ತರಿಸಿ ಏನೂ ಉಳಿಯುವುದಿಲ್ಲ, ಅದು ಅವನ ಸಂಕಟ.

ಎರಡನ್ನೂ ಕೊಳ್ಳುವ ಶಕ್ತಿ ಈ ಸೀಸನ್‌ಗೆ ಇಲ್ಲ. ಬಳಸಿ ಗೊತ್ತಿರುವವರು ಹೇಳಿ, ಮೊದಲು ಯಾವುದು?

ಸರಸ್ವತಿಪುರಂ ರಿಪೇರಿ ಬೆಂಚ್:

ನಿಮ್ಮ ಹುಡುಗ ಹೇಳುತ್ತಿರುವುದು ಸರಿ. ಮೊದಲು ಪಾಕೆಟ್ 3. ಡ್ರೋನ್ ಆಮೇಲೆ.

ನಾನು ಮೈಸೂರಿನಲ್ಲಿ ಕ್ಯಾಮೆರಾ, ಜಿಂಬಲ್ (ಕ್ಯಾಮೆರಾ ಅಲುಗದ ಹಾಗೆ ಹಿಡಿಯುವ ಸಾಧನ), ಡ್ರೋನ್ ರಿಪೇರಿ ಮಾಡುತ್ತೇನೆ. ನನ್ನ ಬೆಂಚಿಗೆ ಬರುವ ಡ್ರೋನ್‌ಗಳಲ್ಲಿ ಜಾಸ್ತಿ ಮದುವೆ ಸ್ಟುಡಿಯೋದವರದ್ದೇ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಈ ಕಂಪನಿ ಯಾವುದರಲ್ಲಿ ಪಳಗಿದೆ ಅನ್ನುವುದು ಮೊದಲು ಗೊತ್ತಿರಬೇಕು. ಫ್ರಾಂಕ್ ವಾಂಗ್ ಹಾಂಗ್‌ಕಾಂಗ್‌ನಲ್ಲಿ ಓದುವಾಗ ಆಟದ ಹೆಲಿಕಾಪ್ಟರ್ ಗಾಳಿಯಲ್ಲಿ ಒಂದೇ ಕಡೆ ನಿಲ್ಲುವ ಹಾಗೆ ಮಾಡುವ ಕಂಟ್ರೋಲರ್ ಹಿಂದೆ ಬಿದ್ದವರು. 2006ರಲ್ಲಿ ಶೆನ್‌ಜೆನ್‌ನಲ್ಲಿ ಕಂಪನಿ ಶುರು ಮಾಡಿದರು. ಎಷ್ಟೋ ವರ್ಷ ಅವರು ಮಾರಿದ್ದು ಹಾರುವ ಯಂತ್ರವನ್ನಲ್ಲ, ಅದನ್ನು ನೆಟ್ಟಗೆ ನಿಲ್ಲಿಸುವ ಸರ್ಕ್ಯೂಟನ್ನು. 2013ರಲ್ಲಿ ಫ್ಯಾಂಟಮ್ ಅನ್ನುವ ಡ್ರೋನ್ ಬಂತು. ಆ ಮೊದಲ ಫ್ಯಾಂಟಮ್‌ಗೆ ಸ್ವಂತ ಕ್ಯಾಮೆರಾನೇ ಇರಲಿಲ್ಲ, ಕೆಳಗೆ ಗೋಪ್ರೋ ಅನ್ನುವ ಬೇರೆ ಕಂಪನಿಯ ಪುಟ್ಟ ಕ್ಯಾಮೆರಾ ಸಿಕ್ಕಿಸಿಕೊಳ್ಳಬೇಕಿತ್ತು. ಆಮೇಲೆ ಜಿಂಬಲ್, ಕ್ಯಾಮೆರಾ ಎಲ್ಲಾ ಅವರೇ ಮಾಡಿದರು. 2014ರಲ್ಲಿ ದೊಡ್ಡ ಕ್ಯಾಮೆರಾ ಹೊರುವ ರೋನಿನ್ ಜಿಂಬಲ್ ಬಂತು. ಸ್ವೀಡನ್ನಿನ ಹ್ಯಾಸಲ್‌ಬ್ಲಾಡ್ ಕ್ಯಾಮೆರಾ ಕಂಪನಿಯಲ್ಲಿ 2015ರಲ್ಲಿ ಪಾಲು ತಗೊಂಡರು, 2017ರ ಹೊತ್ತಿಗೆ ಬಹುಪಾಲು ಇವರದ್ದೇ ಆಯಿತು. ಡ್ರೋನ್ ಮೂತಿಯಲ್ಲಿದ್ದ ಪುಟ್ಟ ಜಿಂಬಲ್ಲನ್ನೇ 2018ರಲ್ಲಿ ಒಂದು ಹಿಡಿಗೆ ಕೂರಿಸಿ ಆಸ್ಮೋ ಪಾಕೆಟ್ ಅಂತ ಬಿಟ್ಟರು. ನೀವು ಕೇಳುತ್ತಿರುವ ಪಾಕೆಟ್ 3 ಬಂದಿದ್ದು 2023ರ ಅಕ್ಟೋಬರ್‌ನಲ್ಲಿ.

ಅಂದರೆ ಅವರ ಕೈಚಳಕ ಇರುವುದು ಅಲುಗಾಟ ನಿಲ್ಲಿಸುವುದರಲ್ಲಿ. ಒಳಗಿನ ಸೆನ್ಸರ್ ಕೈ ಎತ್ತ ಅಲುಗಿತು ಅಂತ ಅಳೆಯುತ್ತದೆ, ಮೂರು ಪುಟ್ಟ ಮೋಟಾರುಗಳು ಅದೇ ಕ್ಷಣ ಕ್ಯಾಮೆರಾವನ್ನು ಎದುರು ದಿಕ್ಕಿಗೆ ತಿರುಗಿಸುತ್ತವೆ. ನಡೆಯುವವರ ಸೊಂಟದ ಮೇಲಿನ ಬಿಂದಿಗೆಯಲ್ಲಿ ನೀರು ತುಳುಕದ ಹಾಗೆ. ದಿಬ್ಬಣಕ್ಕೆ ನಿಮಗೆ ಬೇಕಾಗಿರುವುದು ಇದೇ ಅಲ್ವಾ?

ಇನ್ನು ಛತ್ರದ ಒಳಗೆ ನೋಡಿ. ಧಾರೆ ಹೊತ್ತಿಗೆ ಮಂಟಪದ ಸುತ್ತ ಜನ, ಹೊಗೆ, ಕಡಿಮೆ ಬೆಳಕು. ಪಾಕೆಟ್ 3ರಲ್ಲಿ ಒಂದು ಇಂಚಿನ ಸೆನ್ಸರ್ ಇದೆ. ಮಿನಿ 2ರಲ್ಲಿ ಇರುವುದು 1/2.3 ಇಂಚು, ಹಳೇ ಫೋನುಗಳ ಅಳತೆ. ಮಂದ ಬೆಳಕಿನಲ್ಲಿ ಕಾಳು ಕಾಳಾಗಿ ಕಾಣುತ್ತದೆ. ಜೊತೆಗೆ ಛತ್ರದ ಒಳಗೆ ಡ್ರೋನ್ ಎತ್ತಲೇಬೇಡಿ. ಒಳಗೆ ಜಿಪಿಎಸ್ ಸಿಗುವುದಿಲ್ಲ. ಆಗ ಅದು ಹೊಟ್ಟೆ ಕೆಳಗಿನ ಸೆನ್ಸರ್ ನಂಬಿ ನಿಲ್ಲಬೇಕು. ಪಳಪಳ ಹೊಳೆಯುವ ಗ್ರಾನೈಟ್ ನೆಲ ಕಂಡರೆ ಆ ಸೆನ್ಸರ್‌ಗೆ ಗುರುತು ಸಿಗದೆ ಡ್ರೋನ್ ತೇಲಿಕೊಂಡು ಹೋಗುತ್ತದೆ. ಮಿನಿ 2ಗೆ ಮುಂದೆ, ಪಕ್ಕದಲ್ಲಿ ಅಡ್ಡಿ ಕಾಣುವ ಕಣ್ಣೂ ಇಲ್ಲ. ಫ್ಯಾನಿಗೋ, ಸೀರಿಯಲ್ ಲೈಟಿಗೋ ಸಿಕ್ಕಿಕೊಂಡರೆ ಕೆಳಗೆ ಮಕ್ಕಳು ಕೂತಿರುತ್ತಾರೆ. ರೆಕ್ಕೆ ಚಿಕ್ಕದಾದರೂ ಚರ್ಮ ಸೀಳುತ್ತದೆ. ಅತಿಥಿಗಳು ಎಷ್ಟೇ ಒತ್ತಾಯ ಮಾಡಲಿ, ಇದೊಂದಕ್ಕೆ ಒಪ್ಪಬೇಡಿ.

ಮಾರುವವರು ಹೇಳಿದ "ಯಾವ ಪರ್ಮಿಷನ್ನೂ ಬೇಡ" ಅರ್ಧ ಮಾತು. 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮದ ಪ್ರಕಾರ 250 ಗ್ರಾಂವರೆಗಿನದ್ದು ನ್ಯಾನೋ. ಅದಕ್ಕೆ ಪೈಲಟ್ ಸರ್ಟಿಫಿಕೇಟ್ ಬೇಡ, ಅಷ್ಟು ನಿಜ. ಆದರೆ ನೋಂದಣಿ ನಂಬರ್ ಅದಕ್ಕೂ ಬೇಕು. ಎಲ್ಲಿ ಹಾರಿಸಬಹುದು ಅನ್ನುವ ಕೆಂಪು, ಹಳದಿ, ಹಸಿರು ವಲಯ ಅದಕ್ಕೂ ಅನ್ವಯಿಸುತ್ತದೆ. ಹಸಿರು ವಲಯದಲ್ಲಿ 400 ಅಡಿಯವರೆಗೆ ಅನುಮತಿ ಬೇಡ. ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿ.ಮೀ. ನಡುವೆ ಅದು 200 ಅಡಿಗೆ ಇಳಿಯುತ್ತದೆ. ಇನ್ನೂ ಹತ್ತಿರ ಹೋದರೆ ಅನುಮತಿ ಇಲ್ಲದೆ ಎತ್ತುವ ಹಾಗೇ ಇಲ್ಲ. ನೀವು ಪಾಂಡವಪುರದಲ್ಲಿದ್ದರೂ ಮದುವೆ ಮೈಸೂರಿನ ಶ್ರೀರಾಂಪುರ, ಜೆ.ಪಿ. ನಗರದ ಕಡೆ ಬಂದರೆ ಮಂಡಕಳ್ಳಿ ಏರ್‌ಪೋರ್ಟ್ ಪಕ್ಕದಲ್ಲೇ ಇದೆ, ನೆನಪಿರಲಿ. ಬೆಳಿಗ್ಗೆ ಹೊರಡುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ಸೈಟಿನಲ್ಲಿ ಈ ವಲಯಗಳ ನಕ್ಷೆ ನೋಡಿ. ಡಿಜೆಐ ಆ್ಯಪ್ ಎಚ್ಚರಿಕೆ ತೋರಿಸಲಿಲ್ಲ ಅಂದ ಮಾತ್ರಕ್ಕೆ ನಮ್ಮ ಕಾನೂನು ಒಪ್ಪಿದೆ ಅಂತಲ್ಲ.

ಪ್ರೀ ವೆಡ್ಡಿಂಗ್‌ನವರು ಕೇಳುವ ಜಾಗಗಳೇ ಕಷ್ಟದವು. ಕೆಆರ್‌ಎಸ್ ಭದ್ರತೆ ಇರುವ ಅಣೆಕಟ್ಟೆ, ಆ ಕಡೆ ಯೋಚನೆಯೇ ಬೇಡ. ರಂಗನತಿಟ್ಟು ಪಕ್ಷಿಧಾಮ. ಗೂಡಿನಲ್ಲಿ ಕೂತ ಕೊಕ್ಕರೆಗಳು ಒಮ್ಮೆ ಬೆದರಿ ಎದ್ದರೆ ಮೊಟ್ಟೆ, ಮರಿಗಳ ಗತಿ ಏನು? ಒಂದು ಶಾಟ್‌ಗೋಸ್ಕರ ಹೀಗೆ ಮಾಡುವವರನ್ನು ಕಂಡರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಮೇಲುಕೋಟೆ ಸುತ್ತಲೂ ವನ್ಯಧಾಮ ಇದೆ, ಅಲ್ಲಿ ಅರಣ್ಯ ಇಲಾಖೆಯನ್ನು ಕೇಳದೆ ಎತ್ತಬೇಡಿ.

ಇನ್ನೊಂದು, 2022ರ ಫೆಬ್ರವರಿ 9ರಿಂದ ಹೊರದೇಶದ ಡ್ರೋನ್ ಆಮದನ್ನು ಕೇಂದ್ರ ಸರ್ಕಾರ ನಿಲ್ಲಿಸಿದೆ. ಸಂಶೋಧನೆ, ರಕ್ಷಣೆ, ಭದ್ರತೆಗೆ ಮಾತ್ರ ಅನುಮತಿ ಪಡೆದು ತರಿಸಬಹುದು. ಬಿಡಿಭಾಗಕ್ಕೆ ತಡೆ ಇಲ್ಲ. ಹಾಗಾಗಿ ಈ ಮಿನಿ 2 ಯಾವಾಗ, ಹೇಗೆ ಬಂತು ಅಂತ ಹಳೇ ಬಿಲ್ ಕೇಳಿ. ಬಿಲ್ ಇಲ್ಲ ಅಂದರೆ ಎದ್ದು ಬನ್ನಿ. ಪಾಕೆಟ್ 3 ಹಾರುವುದಿಲ್ಲ, ಅದು ಬರೀ ಕ್ಯಾಮೆರಾ. ಈ ಆದೇಶ ಅದಕ್ಕೆ ತಾಗುವುದಿಲ್ಲ.

ಹೂಟಗಳ್ಳಿ ಟೆಕ್ಕಿ:

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಅಮೆರಿಕದ ವಾಣಿಜ್ಯ ಇಲಾಖೆ 2020ರ ಡಿಸೆಂಬರ್‌ನಲ್ಲೇ ಈ ಕಂಪನಿಯನ್ನು ನಿರ್ಬಂಧದ ಪಟ್ಟಿಗೆ ಸೇರಿಸಿದೆ. 2022ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ ಚೀನಾ ಸೇನೆಗೆ ನಂಟಿರುವ ಕಂಪನಿಗಳ ಪಟ್ಟಿಗೂ ಹಾಕಿತು. ಕಂಪನಿ ಅದನ್ನು ಒಪ್ಪದೆ 2024ರಲ್ಲಿ ಕೋರ್ಟಿಗೆ ಹೋಯಿತು, 2025ರಲ್ಲಿ ತೀರ್ಪು ಕಂಪನಿಯ ವಿರುದ್ಧ ಬಂತು. ಇದು ಮದುವೆ ವಿಡಿಯೋಗೆ ಏನು ಸಂಬಂಧ ಅಂತ ಕೇಳಬಹುದು. ಗಿರಾಕಿಯ ಮನೆ, ಒಡವೆ, ಹೆಣ್ಣುಮಕ್ಕಳು ಎಲ್ಲಾ ಇರುವ ವಿಡಿಯೋ ಅದು, ಅಷ್ಟು ಎಚ್ಚರ ಇರಲಿ ಅಂತ ನನ್ನ ಮಾತು.

ಆ್ಯಂಡ್ರಾಯ್ಡ್ ಫೋನಿನ ಪ್ಲೇ ಸ್ಟೋರ್‌ನಲ್ಲಿ ಈ ಡ್ರೋನ್ ಹಾರಿಸಲು ಬೇಕಾದ ಡಿಜೆಐ ಫ್ಲೈ ಆ್ಯಪ್ ಸಿಗುವುದಿಲ್ಲ. ಕಂಪನಿಯ ಸೈಟಿನಿಂದಲೇ ಇಳಿಸಿಕೊಳ್ಳಬೇಕು. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ಫೈಲ್ ಹಾಕಿಕೊಳ್ಳಬೇಡಿ. ರಿಮೋಟ್‌ಗೂ ಡ್ರೋನ್‌ಗೂ ನೇರ ರೇಡಿಯೋ ಸಂಪರ್ಕ ಇರುವುದರಿಂದ ಹಾರಿಸುವಾಗ ಇಂಟರ್‌ನೆಟ್ ಬೇಕಿಲ್ಲ. ಶೂಟಿಂಗ್‌ಗೆ ಅಂತಲೇ ಒಂದು ಹಳೇ ಫೋನ್ ಇಟ್ಟುಕೊಂಡು, ಏರೋಪ್ಲೇನ್ ಮೋಡ್‌ನಲ್ಲಿ ಬಳಸಿ. ವಿಡಿಯೋ ಕಾರ್ಡ್‌ನಿಂದ ಸೀದಾ ಕಂಪ್ಯೂಟರಿಗೆ ಹಾಕಿಕೊಳ್ಳಿ.

ಮಳವಳ್ಳಿ ಗದ್ದೆ:

ನಡುವೆ ಬಾಯಿ ಹಾಕುತ್ತಿದ್ದೇನೆ. ಇದೇ ಕಂಪನಿ ಔಷಧಿ ಹೊಡೆಯುವ ಡ್ರೋನ್ ಕೂಡ ಮಾಡುತ್ತದಂತೆ. ಕಬ್ಬು ಎದೆಮಟ್ಟ ದಾಟಿದ ಮೇಲೆ ಒಳಗೆ ನುಗ್ಗಿ ಹೊಡೆಯೋಕೆ ಆಳು ಸಿಗುತ್ತಿಲ್ಲ. ನಾವು ನಾಲ್ಕು ಜನ ಸೇರಿ ಒಂದು ತರಿಸಬಹುದಾ?

ಸರಸ್ವತಿಪುರಂ ರಿಪೇರಿ ಬೆಂಚ್:

ಮಾಡುತ್ತದೆ, ಆಗ್ರಾಸ್ ಅಂತ ಹೆಸರು, 2015ರಿಂದ ಇದೆ. ಆದರೆ ಮೇಲೆ ಹೇಳಿದ ಆಮದು ತಡೆ ಅದಕ್ಕೂ ಇದೆ. ನಮ್ಮಲ್ಲಿ ಗದ್ದೆಗೆ ಬಳಸಲು ನಮ್ಮ ದೇಶದ ಕಂಪನಿಗಳದ್ದೇ ನೋಡಿ. ಟ್ಯಾಂಕ್ ತುಂಬಿದ ಮೇಲೆ ಅದು 2 ಕಿಲೋ ದಾಟುತ್ತದೆ, ಆದ್ದರಿಂದ ಹಾರಿಸುವವರಿಗೆ ಪೈಲಟ್ ಸರ್ಟಿಫಿಕೇಟ್ ಬೇಕೇ ಬೇಕು. ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಮತ್ತು ತರಬೇತಿ ಕೊಟ್ಟಿದ್ದಾರೆ. ಕೊಳ್ಳುವುದಕ್ಕಿಂತ ಮೊದಲು ನಿಮ್ಮ ಕಡೆ ಅಂಥ ಸಂಘ ಇದೆಯಾ ಅಂತ ಕೃಷಿ ಇಲಾಖೆಯಲ್ಲಿ ವಿಚಾರಿಸಿ, ಬಾಡಿಗೆಗೆ ಹೊಡೆಸಿ ನೋಡಿ.

ಪಾಂಡವಪುರ ಸ್ಟುಡಿಯೋ:

ತುಂಬಾ ಥ್ಯಾಂಕ್ಸ್. ಪಾಕೆಟ್ 3 ಅಂತ ತೀರ್ಮಾನ ಆಯಿತು, ನಮ್ಮ ಹುಡುಗ ಖುಷಿಯಾಗಿದ್ದಾನೆ. ಆದರೂ ಆ ಮಿನಿ 2 ಮೇಲಿನ ಆಸೆ ಹೋಗಿಲ್ಲ. ಅವರ ಹತ್ತಿರ 2021ರ ಬಿಲ್ ಇದೆ. ದೀಪಾವಳಿ ಆದಮೇಲೆ ಕೊಡುತ್ತೇನೆ, ಕಾಯುತ್ತೇನೆ ಅಂದಿದ್ದಾರೆ. ನೋಡೋಕೆ ಹೋದಾಗ ಏನೇನು ಗಮನಿಸಬೇಕು? ನಮ್ಮ ಕಡೆ ಚಪ್ಪರದ ಮದುವೆ ಇನ್ನೂ ಇವೆ. ತೋಟದ ನಡುವೆ ಚಪ್ಪರ, ಸುತ್ತ ತೆಂಗು, ಪಕ್ಕದಲ್ಲಿ ನಾಲೆ. ಅಂಥ ಕಡೆ ಮೇಲಿನಿಂದ ನೋಡಿದರೆ ಎಷ್ಟು ಚೆನ್ನಾಗಿರುತ್ತದೆ ಅಲ್ವಾ, ಅದೇ ಆಸೆ.

ಸರಸ್ವತಿಪುರಂ ರಿಪೇರಿ ಬೆಂಚ್:

ಆಸೆ ತಪ್ಪಲ್ಲ. ಹಸಿ ತೆಂಗಿನ ಗರಿಯ ಚಪ್ಪರ ಮೇಲಿನಿಂದ ನಿಜಕ್ಕೂ ಚಂದ. ಬಿಲ್ ಇದ್ದರೆ ಹೋಗಿ ನೋಡಿ, ಆದರೆ ಅವಸರ ಬೇಡ.

ಮೊದಲು ಜಿಂಬಲ್. ಮುಚ್ಚಳ ತೆಗೆದು ಡ್ರೋನನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಆನ್ ಮಾಡಿಸಿ. ಕ್ಯಾಮೆರಾ ತಾನಾಗಿ ಮೇಲೆ ಕೆಳಗೆ, ಪಕ್ಕಕ್ಕೆ ತಿರುಗಿ ಪರೀಕ್ಷೆ ಮಾಡಿಕೊಂಡು ನೆಟ್ಟಗೆ ನಿಲ್ಲಬೇಕು. ನಡುಗಿದರೆ, ಒಂದು ಕಡೆಗೆ ವಾಲಿದರೆ, ಜಿಂಬಲ್ ಮೋಟಾರ್ ಓವರ್‌ಲೋಡ್ ಅಂತ ಬಂದರೆ ಅದು ಎಲ್ಲೋ ಬಿದ್ದಿದೆ. ಕ್ಯಾಮೆರಾ ಹಿಂದೆ ಕೂದಲಿನ ಹಾಗೆ ತೆಳ್ಳಗಿನ ರಿಬ್ಬನ್ ಕೇಬಲ್ ಸುತ್ತಿಕೊಂಡಿರುತ್ತದೆ. ಬಿದ್ದಾಗ ಮೊದಲು ಹರಿಯುವುದು ಅದೇ. ಹೊರಗಿನಿಂದ ಏನೂ ಕಾಣುವುದಿಲ್ಲ, ಮಡಿಕೆಯಲ್ಲಿ ಒಂದು ಎಳೆ ಸೀಳಿರುತ್ತದೆ. ಕ್ಯಾಮೆರಾ ನೆಟ್ಟಗಿರುವಾಗ ಚಿತ್ರ ಬರುತ್ತದೆ, ಕೆಳಗೆ ಬಾಗಿಸಿದರೆ ಹೋಗುತ್ತದೆ. ಅದಕ್ಕೇ ರಿಮೋಟಿನ ಚಕ್ರ ತಿರುಗಿಸಿ ಪೂರ್ತಿ ಕೆಳಗೆ, ಪೂರ್ತಿ ಮೇಲೆ ನಿಧಾನವಾಗಿ ಆಡಿಸಿ, ಚಿತ್ರ ನೋಡುತ್ತಲೇ ಇರಿ. ಕ್ಯಾಮೆರಾ ತೂಗುಹಾಕಿರುವ ಪುಟ್ಟ ರಬ್ಬರುಗಳು ಹರಿದಿವೆಯಾ ಅದನ್ನೂ ನೋಡಿ.

ಆಫ್ ಮಾಡಿ ಒಂದೊಂದು ಮೋಟಾರನ್ನೂ ಬೆರಳಲ್ಲಿ ತಿರುಗಿಸಿ. ನಾಲ್ಕೂ ಒಂದೇ ಥರ ನುಣ್ಣಗೆ ತಿರುಗಬೇಕು. ಕರಕರ ಅಂದರೆ ಒಳಗೆ ಮರಳು. ನಮ್ಮ ಹೊಳೆ ದಂಡೆಯಲ್ಲಿ ಇಳಿಸುವವರ ಡ್ರೋನ್‌ಗಳಲ್ಲಿ ಇದು ಜಾಸ್ತಿ. ಮರಳಿನಲ್ಲಿರುವ ಕಪ್ಪು ಕಬ್ಬಿಣದ ಪುಡಿಯನ್ನು ಮೋಟಾರಿನ ಅಯಸ್ಕಾಂತ ಎಳೆದುಕೊಂಡು ಬಿಡುತ್ತದೆ, ಊದಿದರೆ ಹೋಗುವುದಿಲ್ಲ. ನೀವು ತಗೊಂಡ ಮೇಲೂ ಒಂದು ಮ್ಯಾಟ್ ಹಾಸಿಯೇ ಏಳಿಸಿ.

ಮೂರೂ ಬ್ಯಾಟರಿ ಹಾಕಿಸಿ ನೋಡಿ. ಎಷ್ಟು ಸಲ ಚಾರ್ಜ್ ಆಗಿದೆ ಅಂತ ಆ್ಯಪ್‌ನಲ್ಲೇ ಕಾಣುತ್ತದೆ. ಊದಿದ ಬ್ಯಾಟರಿ ಹಿಂದಿನಿಂದ ಎಳೆಯುವಾಗ ಬಿಗಿ ಹಿಡಿಯುತ್ತದೆ. ಅಂಥದ್ದು ಪುಕ್ಕಟೆ ಕೊಟ್ಟರೂ ಬೇಡ. ಹೊಸದರಲ್ಲಿ ಒಂದು ಬ್ಯಾಟರಿಗೆ 31 ನಿಮಿಷ ಅಂತ ಕಂಪನಿ ಹೇಳುತ್ತದೆ, ಅದು ಗಾಳಿ ಇಲ್ಲದ ಜಾಗದ ಲೆಕ್ಕ. ತೋಟದಲ್ಲಿ ಅಷ್ಟು ನಿರೀಕ್ಷೆ ಮಾಡಬೇಡಿ.

ದುಡ್ಡು ಕೊಡುವ ಮೊದಲು ಅವರ ಅಕೌಂಟಿನಿಂದ ಡ್ರೋನನ್ನು ಅವರ ಕೈಯಲ್ಲೇ ಬಿಡಿಸಿ, ನಿಮ್ಮದಕ್ಕೆ ಸೇರಿಸಿಕೊಳ್ಳಿ. ನಾಳೆ ಮಾಡಿಕೊಡುತ್ತೇನೆ ಅಂದರೆ ದುಡ್ಡೂ ನಾಳೆ. ನೋಂದಣಿ ನಂಬರ್ ಇದೆಯಾ, ನಿಮ್ಮ ಹೆಸರಿಗೆ ವರ್ಗಾವಣೆ ಮಾಡಿಕೊಡುತ್ತಾರಾ ಅಂತಲೂ ಕೇಳಿ. ರೆಕ್ಕೆಗೆ ಗಾರ್ಡ್ ಹಾಕಿದರೆ ತೂಕ 250 ಗ್ರಾಂ ದಾಟುತ್ತದೆ. ಆಗ ಅದು ನ್ಯಾನೋ ಅಲ್ಲ, ಮೈಕ್ರೋ. ದುಡ್ಡಿಗೆ ಶೂಟ್ ಮಾಡುವ ನಿಮಗೆ ಪೈಲಟ್ ಸರ್ಟಿಫಿಕೇಟ್ ಬೇಕಾಗುತ್ತದೆ.

ತೋಟದ ವಿಷಯಕ್ಕೆ ಬಂದರೆ, ಸಿಗ್ನಲ್ ಹೋದಾಗ ಡ್ರೋನ್ ನಿಗದಿ ಮಾಡಿದ ಎತ್ತರಕ್ಕೆ ಏರಿ ಸೀದಾ ವಾಪಸ್ ಬರುತ್ತದೆ. ಆ ಎತ್ತರವನ್ನು ಸುತ್ತಲಿನ ಅತಿ ಎತ್ತರದ ತೆಂಗಿಗಿಂತ ಮೇಲೆ ಇಡಿ. ಮರದ ಕೆಳಗಿನಿಂದ ಏಳಿಸಬೇಡಿ, ಏರುವಾಗ ಗರಿಗೆ ಸಿಕ್ಕಿಕೊಳ್ಳುತ್ತದೆ. ನಾಲೆ ಮೇಲೆ ತೀರಾ ಕೆಳಗೆ ಹಾರಿಸಬೇಡಿ, ಹರಿಯುವ ನೀರು ಕಂಡರೂ ಕೆಳಗಿನ ಸೆನ್ಸರ್ ದಾರಿ ತಪ್ಪುತ್ತದೆ. ಕರೆಂಟ್ ತಂತಿ ಪರದೆಯಲ್ಲಿ ಕಾಣುವುದೇ ಇಲ್ಲ. ಮದುವೆ ಹಿಂದಿನ ದಿನ ಚಪ್ಪರ ಹಾಕುವಾಗಲೇ ಹೋಗಿ, ತಂತಿ ಎಲ್ಲಿ ಹೋಗಿದೆ ಅಂತ ಕಣ್ಣಾರೆ ನೋಡಿಕೊಂಡು ಬನ್ನಿ.

ನೋಡೋಕೆ ಹೋಗುವ ದಿನ ಇಲ್ಲೇ ಬರೆಯಿರಿ. ಜಿಂಬಲ್ ಆಡಿಸುವಾಗ ಒಂದು ವಿಡಿಯೋ ಮಾಡಿ ಹಾಕಿದರೆ ಕೇಬಲ್ ಹೇಗಿದೆ ಅಂತ ನೋಡಿ ಹೇಳುತ್ತೇನೆ.