ಹನ್ನೆರಡು ಸಾವಿರದಲ್ಲಿ ರಾತ್ರಿಯೂ ಸೇರಿದೆಯೇ?

ದೊಡ್ಡಣ್ಣ, ಶನಿವಾರಸಂತೆ:
ಅವ್ವನ ಜೊತೆ ಹಗಲು ರಾತ್ರಿ ಇರಲು ಒಬ್ಬರು ಬೇಕೆಂದು ನಾವೆಲ್ಲ ಒಪ್ಪಿದ್ದೆವು. ಯಸಳೂರು ಕಡೆಯ 46 ವರ್ಷದ ಹೆಂಗಸೊಬ್ಬರು ಬಂದು ಕೆಲಸ ಹಿಡಿದಿದ್ದಾರೆ, ಅವ್ವನಿಗೂ ಹಿಡಿಸಿದ್ದಾರೆ. ತಿಂಗಳಿಗೆ 12,000 ರೂಪಾಯಿ ಕೊಡೋಣ ಎಂಬುದು ನನ್ನ ಅಭಿಪ್ರಾಯ. ಊಟ, ತಿಂಡಿ, ಸೋಪು, ಹಬ್ಬಕ್ಕೊಂದು ಸೀರೆ ಎಲ್ಲವೂ ನಮ್ಮದೇ ಆದ್ದರಿಂದ ಅದು 15,000ಕ್ಕೆ ಸಮವಾಗುತ್ತದೆ. ಮೂವರಿಗೂ ತಲಾ 4,000 ಬೀಳುತ್ತದೆ. ಆಕ್ಷೇಪಣೆ ಇದ್ದರೆ ಇಂದೇ ತಿಳಿಸಿ, ನಾಳೆ ಅವರಿಗೆ ಮಾತು ಕೊಡಬೇಕು.

ತಮ್ಮ, ಬೆಂಗಳೂರು:
ಅಣ್ಣ, ಇಲ್ಲಿ ಇದೇ ಕೆಲಸಕ್ಕೆ ಏಜೆನ್ಸಿಯವರು 25,000 ಕೇಳುತ್ತಾರೆ. ನಾವು 20,000 ಎಂದು ಹೇಳಿಬಿಡೋಣ. ಹೆಚ್ಚಿನದನ್ನು ನಾನೇ ಹಾಕುತ್ತೇನೆ.

ದೊಡ್ಡಣ್ಣ, ಶನಿವಾರಸಂತೆ:
ಬೆಂಗಳೂರಿನ ದರವನ್ನು ಇಲ್ಲಿಗೆ ತಂದು ನೀನು ಹೊರಟುಹೋಗುತ್ತೀಯ, ಆಮೇಲೆ ಅಕ್ಕಪಕ್ಕದ ಮನೆಯವರಿಗೆ ಉತ್ತರ ಕೊಡಬೇಕಾದವನು ನಾನು. ಅಲ್ಲದೆ ಅವರಿಗೆ ಸರ್ಕಾರದಿಂದ ಗೃಹಲಕ್ಷ್ಮಿಯ 2,000 ಬರುತ್ತದೆ. ಮನೆಯವರಂತೆ ಇರುವವರಿಗೆ ಸಂಬಳವೊಂದೇ ಮುಖ್ಯವಲ್ಲ.

ಅಕ್ಕ, ಮೈಸೂರು:
ಗೃಹಲಕ್ಷ್ಮಿಯ ಹಣ ಆ ಮನೆಯ ಯಜಮಾನಿಗೆ ಸರ್ಕಾರ ಕೊಡುವುದು, ಅದನ್ನು ನಮ್ಮ ಖರ್ಚು ಉಳಿಸಲು ಲೆಕ್ಕಕ್ಕೆ ಹಿಡಿಯುವುದು ಸರಿಯಲ್ಲ. ತಮ್ಮನ ಲೆಕ್ಕವನ್ನೂ ನಾನು ಒಪ್ಪುವುದಿಲ್ಲ, ಏಕೆಂದರೆ ಏಜೆನ್ಸಿ ಕೇಳುವ ಹಣವೆಲ್ಲ ಕೆಲಸ ಮಾಡುವವರ ಕೈಗೆ ಸೇರುವುದಿಲ್ಲ. ದರವನ್ನು ನಮ್ಮ ತೋಟದಿಂದಲೇ ತೆಗೆಯೋಣ. ಅಣ್ಣ, ನೀವು ಹೆಣ್ಣಾಳಿಗೆ ದಿನಕ್ಕೆ 450 ಕೊಡುತ್ತೀರಿ. 26 ದಿನಕ್ಕೆ ಅದು 11,700 ಆಗುತ್ತದೆ. ತೋಟದ ಆಳು ಸಂಜೆ ಕೈಕಾಲು ತೊಳೆದು ತನ್ನ ಮನೆಗೆ ಹೋಗುತ್ತಾಳೆ, ಭಾನುವಾರ ಅವಳದೇ. ಅವ್ವನ ಜೊತೆಗಿರುವವರಿಗೆ ನೀವು ಹೇಳುತ್ತಿರುವುದು ಅದಕ್ಕಿಂತ ಕೇವಲ 300 ರೂಪಾಯಿ ಹೆಚ್ಚು. ಹಾಗಾದರೆ ತಿಂಗಳ ಅಷ್ಟೂ ರಾತ್ರಿಗಳ ಬೆಲೆ ಆ 300 ರೂಪಾಯಿಯೇ? ಊಟ, ಜಾಗ ಎಂದಿರಿ. ಅವರು ಉಣ್ಣುವ ಅನ್ನವನ್ನು ನಮ್ಮೆಲ್ಲರದರ ಜೊತೆ ಅವರೇ ಬೇಯಿಸುತ್ತಾರೆ. ಅವರು ಅಲ್ಲಿ ಮಲಗುವುದು ತಮ್ಮ ಅನುಕೂಲಕ್ಕಲ್ಲ, ನಮ್ಮ ಅಗತ್ಯಕ್ಕೆ. ಜಾಗಕ್ಕೆ ಬಾಡಿಗೆ ಹಿಡಿಯುವುದಾದರೆ ಕಾವಲುಗಾರನಿಗೂ ಗೇಟಿನ ಬಾಡಿಗೆ ಹಿಡಿಯಬೇಕಾಗುತ್ತದೆ.

ದೊಡ್ಡಣ್ಣ, ಶನಿವಾರಸಂತೆ:
ರಾತ್ರಿ ಅವರು ನಿದ್ದೆ ಮಾಡುತ್ತಾರೆಯೇ ಹೊರತು ಕೆಲಸ ಮಾಡುವುದಿಲ್ಲವಲ್ಲ.

ಅತ್ತಿಗೆ, ಶನಿವಾರಸಂತೆ:
ನಾನು ಈ ಮಾತಿನಲ್ಲಿ ಬಾಯಿ ಹಾಕಬಾರದೆಂದಿದ್ದೆ, ಆದರೆ ಅದೇ ಮನೆಯಲ್ಲಿ ಮಲಗುವವಳಾದ್ದರಿಂದ ಹೇಳಬೇಕಾಗಿದೆ. ನಿಮ್ಮಣ್ಣನವರಿಗೆ ಮಲಗಿದರೆ ಗುಡುಗು ಬಡಿದರೂ ಎಚ್ಚರವಾಗುವುದಿಲ್ಲ. ಅತ್ತೆ ಊರುಗೋಲಿನಿಂದ ಮಂಚದ ಕಾಲಿಗೆ ಎರಡು ಸಲ ತಟ್ಟುತ್ತಾರೆ, ಅದೇ ಕರೆ. ಸೊಂಟದ ಆಪರೇಷನ್ ಆದ ಮೇಲೆ ಒಬ್ಬರೇ ಏಳುವಂತಿಲ್ಲವಾದ್ದರಿಂದ ಆಕೆ ಚಾಪೆಯಿಂದೆದ್ದು, ಮೊದಲು ಬ್ಯಾಟರಿ ಹುಡುಕಿ, ಅತ್ತೆಯ ಬಲಗೈಯನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು ಬಚ್ಚಲಿಗೆ ನಡೆಸಿಕೊಂಡು ಹೋಗುತ್ತಾರೆ. ಒಂದು ರಾತ್ರಿಗೆ ಮೂರು ಸಲವಾದರೂ ಇದು ನಡೆಯುತ್ತದೆ, ಬಟ್ಟೆ ಒದ್ದೆಯಾದರೆ ಅದನ್ನು ಆಗಲೇ ಬದಲಿಸಬೇಕು. ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುವುದೆಂದು ಹೇಳಲಾಗದ ಊರು ನಮ್ಮದು, ಒಗೆದ ಬಟ್ಟೆಯನ್ನು ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸಬೇಕು. ಬೆಳಗಿನ ಜಾವಕ್ಕೆ ಮತ್ತೆ ಅದೇ ಒಲೆಗೆ ಉರಿ ಹಾಕಿ ಹಂಡೆಯ ನೀರು ಕಾಯಿಸುವವರೂ ಅವರೇ. ಇದನ್ನು ನಿದ್ದೆಯೆಂದು ಬರೆಯಬೇಡಿ.

ದೊಡ್ಡಣ್ಣನ ಮಗಳು, ಮಡಿಕೇರಿ:
ಅಪ್ಪ, ಕಾನೂನಿನ ಒಂದೆರಡು ಮಾತು. ಮನೆಗೆಲಸದವರಿಗೂ ಕನಿಷ್ಠ ವೇತನವನ್ನು ಕರ್ನಾಟಕ 2004ರಲ್ಲೇ ನಿಗದಿ ಮಾಡಿದೆ, ಆದ್ದರಿಂದ ಇದು ಬರಿಯ ನಮ್ಮ ಔದಾರ್ಯದ ವಿಷಯವಲ್ಲ. 2019ರ ವೇತನ ಸಂಹಿತೆಯಲ್ಲಿ ಹೆಚ್ಚುವರಿ ಅವಧಿಗೆ ದುಪ್ಪಟ್ಟು ದರವೆಂದೂ, ವಾರಕ್ಕೊಂದು ದಿನ ವಿಶ್ರಾಂತಿಯೆಂದೂ ಇದೆ. ಅದು ಒಂದು ಮನೆಯೊಳಗೆ ಹೇಗೆ ಜಾರಿಯಾಗುತ್ತದೆ ಎಂಬ ವಾದ ಬೇಡ, ಅಳತೆಗೋಲಾಗಿ ಇಟ್ಟುಕೊಳ್ಳೋಣ. ಮನೆಯವರಂತೆ ಎಂಬ ಮಾತನ್ನೂ ದಯವಿಟ್ಟು ಬಿಡಿ. ಈ ಜಿಲ್ಲೆಯ ತೋಟಗಳಲ್ಲಿ ಜೀತ ನಡೆದದ್ದೂ ಅಂಥ ಮಾತಿನ ಮರೆಯಲ್ಲೇ. 1976ರಲ್ಲಿ ಅದನ್ನು ರದ್ದು ಮಾಡಲು ಕಾನೂನನ್ನೇ ತರಬೇಕಾಯಿತು.

ದೊಡ್ಡಣ್ಣ, ಶನಿವಾರಸಂತೆ:
ಜೀತದ ಮಾತನ್ನು ಇಲ್ಲಿ ಎತ್ತಬೇಕಾಗಿರಲಿಲ್ಲ.

ಅಕ್ಕ, ಮೈಸೂರು:
ಅವಳು ಎತ್ತಿದ್ದಾಳೆ, ಬಿಡಿ. ರಾತ್ರಿಗೆ ದುಪ್ಪಟ್ಟು ಕೊಡುವ ಶಕ್ತಿ ನಮ್ಮಲ್ಲಿ ಯಾರಿಗೂ ಇಲ್ಲ. ಇಡೀ ರಾತ್ರಿ ಎಚ್ಚರವಿರುವ ಕೆಲಸವಲ್ಲವಾದ್ದರಿಂದ ಅರ್ಧ ದಿನದ ಕೂಲಿ, ಅಂದರೆ 225 ಹಿಡಿಯಿರಿ. 26 ರಾತ್ರಿಗೆ 5,850, ಹಗಲಿನದು 11,700, ಒಟ್ಟು 17,550. ನಾನು 17,500 ಎನ್ನುತ್ತೇನೆ. ಇನ್ನೊಂದು ವಿಷಯವನ್ನು ಅಣ್ಣ ನನಗಿಂತ ಚೆನ್ನಾಗಿ ಬಲ್ಲರು: ಡಿಸೆಂಬರಿನಲ್ಲಿ ರೋಬಸ್ಟಾ ಕಾಫಿಯ ಕೊಯ್ಲು ಶುರುವಾದರೆ ಕಿಲೋ ಲೆಕ್ಕದಲ್ಲಿ ಕೊಯ್ಯುವವರು ದಿನಗೂಲಿಗಿಂತ ಹೆಚ್ಚು ದುಡಿಯುತ್ತಾರೆ. 12,000ಕ್ಕೆ ಇರಿಸಿಕೊಂಡವರು ಆಗ ನಮ್ಮದೇ ತೋಟಕ್ಕೆ ಕೆಲಸಕ್ಕೆ ಬಂದರೂ ಆಶ್ಚರ್ಯವಿಲ್ಲ.

ದೊಡ್ಡಣ್ಣ, ಶನಿವಾರಸಂತೆ:
ಕೊಯ್ಲಿನ ಮಾತು ನಿಜ. ಆದರೆ ಕಾಫಿಗೆ ಒಳ್ಳೆಯ ಬೆಲೆ ಇರುವಾಗ ಏರಿಸಿದ ಸಂಬಳವನ್ನು ಬೆಲೆ ಬಿದ್ದಾಗ ಇಳಿಸಲು ಬರುವುದಿಲ್ಲ. ಅದೂ ಅಲ್ಲದೆ ಅವ್ವನ ಅಕ್ಕಿ, ಬೇಳೆ, ಹಾಲು, ಔಷಧಿಯನ್ನು ಇಷ್ಟು ವರ್ಷ ನಾನು ಯಾರಿಗೂ ಲೆಕ್ಕ ಕೊಡದೆ ನೋಡಿಕೊಂಡಿದ್ದೇನೆ. 17,500 ಆಗುವುದಾದರೆ ಸಮಪಾಲು ಎಂಬ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ತಮ್ಮ, ಬೆಂಗಳೂರು:
ಅದು ನ್ಯಾಯವೇ. ನಾನು 7,000, ಅಕ್ಕ 6,000, ಅಣ್ಣ 4,500 ಹಾಕೋಣ. ಪ್ರತಿ ತಿಂಗಳು 28ರೊಳಗೆ ಅತ್ತಿಗೆಯ ಖಾತೆಗೆ ಬರಲಿ, 1ನೇ ತಾರೀಖು ಅಲ್ಲಿಂದ ಅವರ ಖಾತೆಗೆ ಹೋಗಲಿ. ಕೈಯಲ್ಲಿ ಹಣ ಕೊಡುವುದು ಬೇಡ.

ದೊಡ್ಡಣ್ಣನ ಮಗಳು, ಮಡಿಕೇರಿ:
ಅಟಲ್ ಪಿಂಚಣಿ, ಶ್ರಮಯೋಗಿ ಮಾನ್‌ಧನ್ ಎಂಬ ಸರ್ಕಾರದ ಪಿಂಚಣಿ ಯೋಜನೆಗಳೆರಡಕ್ಕೂ 40 ವರ್ಷದೊಳಗೆ ಸೇರಬೇಕು, ಆಕೆಗೆ ಅದು ದಾಟಿದೆ. ಹಾಗಾಗಿ 17,500ರಲ್ಲಿ 17,000 ಸಂಬಳವಾಗಿಯೂ 500 ಅವರದೇ ಹೆಸರಿನ ಅಂಚೆ ಕಚೇರಿಯ ಆರ್‌ಡಿಗೂ (ತಿಂಗಳು ತಿಂಗಳು ಕಟ್ಟುವ ಉಳಿತಾಯ ಖಾತೆ) ಹೋಗಬಹುದೇ ಎಂದು ಮೊದಲು ಅವರನ್ನೇ ಕೇಳಿ. ಬೇಡವೆಂದರೆ ಪೂರ್ತಿ ಕೈಗೇ ಸಲ್ಲಬೇಕು. ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಅಪಘಾತ ವಿಮೆಯನ್ನು ನಾನು ಕಟ್ಟುತ್ತೇನೆ, ಅದಕ್ಕೆ 70 ವರ್ಷದವರೆಗೂ ಅವಕಾಶವಿದೆ. ಸರ್ಕಾರ ಕನಿಷ್ಠ ವೇತನದ ತುಟ್ಟಿಭತ್ಯೆಯನ್ನು ಏಪ್ರಿಲ್‌ನಿಂದ ಪರಿಷ್ಕರಿಸುತ್ತದೆ, ನಾವೂ ಪ್ರತಿ ಏಪ್ರಿಲ್‌ನಲ್ಲಿ ಒಂದು ಸಲ ಕೂತು ಸಂಬಳ ಏರಿಸೋಣ.

ಅತ್ತಿಗೆ, ಶನಿವಾರಸಂತೆ:
ನಾನು ಈಗ ತಾನೇ ಕೇಳಿ ಬಂದೆ. ಆರ್‌ಡಿಗೆ ಒಪ್ಪಿದ್ದಾರೆ, ಆದರೆ ಪಾಸ್‌ಬುಕ್ ತಮ್ಮ ಬಳಿಯೇ ಇರಬೇಕು ಎಂದರು. ರಜೆ ಭಾನುವಾರ ಬೇಡ, ಸಂತೆಯ ದಿನ ಶನಿವಾರ ಬೇಕಂತೆ, ಊರಿನವರೆಲ್ಲ ಅಂದು ಇಲ್ಲಿಗೇ ಬರುತ್ತಾರೆ. ಶುಕ್ರವಾರ ರಾತ್ರಿ ಅತ್ತೆಯನ್ನು ಮಲಗಿಸಿ ಹೊರಟರೆ ಭಾನುವಾರ ಬೆಳಗಿನ ಕಾಫಿಗೆ ಬರುತ್ತಾರೆ.

ದೊಡ್ಡಣ್ಣ, ಶನಿವಾರಸಂತೆ:
ಆಗಲಿ, 17,500 ಎಂದೇ ನಾಳೆ ಹೇಳುತ್ತೇನೆ. ಶನಿವಾರಕ್ಕೆ ಬದಲಿ ಬರುವವರ 500 ರೂಪಾಯಿಯನ್ನು ತೋಟದ ಲೆಕ್ಕಕ್ಕೆ ಹಾಕುತ್ತೇನೆ. ಆದರೆ ಡಿಸೆಂಬರಿನಿಂದ ಕೊಯ್ಲು ಮುಗಿಯುವವರೆಗೆ ಬದಲಿಯವರು ದುಡ್ಡಿಗೂ ಸಿಗುವುದಿಲ್ಲ. ಆ ಶನಿವಾರಗಳಿಗೆ ಯಾರು ಯಾರು ಬರುತ್ತೀರಿ ಎಂದು ಈಗಲೇ ಬರೆದುಕೊಡಿ. ಕರೆಯುವುದು ಊರುಗೋಲಿನಿಂದಲೇ, ನೆನಪಿರಲಿ.

ಅಕ್ಕ, ಮೈಸೂರು:
ಡಿಸೆಂಬರಿನ ಮೊದಲ ಎರಡು ಶನಿವಾರ ನನ್ನದು.

ತಮ್ಮ, ಬೆಂಗಳೂರು:
ಮೂರನೆಯದು ನನ್ನದು. ನಾಲ್ಕನೆಯದಕ್ಕೆ ರಜೆ ಕೇಳಿ ಸೋಮವಾರ ತಿಳಿಸುತ್ತೇನೆ.