ಪದಚರ್ಚೆ: ಪಿಸ್ತೂಲಿನ ‘ಕುದುರೆ’ ಯಾವುದು? ದಿನವೂ ಜೊತೆಗಿಟ್ಟುಕೊಳ್ಳುವುದಕ್ಕೆ ಯಾವ ಮಾತು?

ಎಲ್ಲರಿಗೂ ನಮಸ್ಕಾರ.

ಡಲ್ಲಾಸ್ ಸುತ್ತಮುತ್ತಲಿನ ಕೆಲವು ಕನ್ನಡದವರು ನಾವು ತಿಂಗಳಿಗೊಮ್ಮೆ ಪಿಸ್ತೂಲು ಪಂದ್ಯಗಳಿಗೆ ಹೋಗುತ್ತೇವೆ. ಹೊಸದಾಗಿ ಬರುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: “ಮ್ಯಾಚಿಗೂ ಆಗಬೇಕು, ದಿನಾ ಸೊಂಟದಲ್ಲಿ ಇಟ್ಕೊಳ್ಳೋಕೂ ಆಗಬೇಕು, ಅಂಥದ್ದು ಯಾವುದು ತಗೊಳ್ಳಲಿ?” ಅವರಿಗಾಗಿ ಕನ್ನಡದಲ್ಲಿ ನಾಲ್ಕು ಪುಟ ಬರೆಯಲು ಕೂತಿದ್ದೇನೆ. 2021ರ ಸೆಪ್ಟೆಂಬರಿನಿಂದ ಟೆಕ್ಸಸ್‌ನಲ್ಲಿ 21 ತುಂಬಿದ, ಕಾನೂನಿನ ತೊಡಕಿಲ್ಲದವರು ಪರವಾನಗಿ ಇಲ್ಲದೆಯೂ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಅಂದರೆ ತರಬೇತಿಯ ತರಗತಿಗೆ ಹೋಗದೆಯೇ ಅಂಗಡಿಯಿಂದ ನೇರ ಮನೆಗೆ ತರುವವರೂ ಇದ್ದಾರೆ. (ಎಚ್-1ಬಿ ವೀಸಾದಲ್ಲಿರುವವರ ಮಾತು ಬೇರೆ. ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿ ಬಿಟ್ಟರೆ ಫೆಡರಲ್ ಕಾನೂನೇ ಅವರಿಗೆ ಬಂದೂಕು ಮುಟ್ಟಗೊಡುವುದಿಲ್ಲ. ಇದನ್ನು ನಾನು ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಹಾಕಿದ್ದೇನೆ.) ಹಾಗಾಗಿ ಪದ ತಪ್ಪಿದರೆ ಓದುವವರ ಬೆರಳೂ ತಪ್ಪಬಹುದು. ಇದು ನನಗೆ ಕಣ್ಣೆದುರೇ ಗೊತ್ತಾಯಿತು.

ನಮ್ಮ ಸೋದರಮಾವ ತೀರ್ಥಹಳ್ಳಿ ಕಡೆಯವರು. ಮಗನ ಜೊತೆ ಇಲ್ಲೇ ನೆಲೆಸಿ ಗ್ರೀನ್ ಕಾರ್ಡ್ ಆಗಿದೆ. ಊರಲ್ಲಿದ್ದಾಗ ಅಡಿಕೆ ತೋಟಕ್ಕೆ ಬರುವ ಮಂಗ ಓಡಿಸಲು ಕೇಪಿನ ಕೋವಿ (ಮದ್ದಿಗೆ ಕಿಡಿ ಕೊಡುವ ಪುಟ್ಟ ಕೇಪು ಸಿಕ್ಕಿಸುವ ಹಳೆಯ ಬಗೆಯ ಬಂದೂಕು) ಹಿಡಿದವರು. ಕಳೆದ ಚಳಿಗಾಲದಲ್ಲಿ ಗುಂಡು ಹೊಡೆಯುವ ರೇಂಜಿಗೆ ಕರೆದುಕೊಂಡು ಹೋಗಿದ್ದೆ. ನನ್ನ ಪಂದ್ಯದ ಪಿಸ್ತೂಲಾದ ಸಿಝಡ್ ಶ್ಯಾಡೋ 2ರ ಮ್ಯಾಗಜೀನ್ ತೆಗೆದು, ಒಳಗೆ ತೋಟಾ (ಕಾರ್ಟ್ರಿಜ್) ಇಲ್ಲವೆಂದು ಇಬ್ಬರೂ ನೋಡಿ, ಹಿಂದಿನ ಹ್ಯಾಮರ್ ಎತ್ತಿ, ಮಣ್ಣಿನ ದಿಬ್ಬದ ಕಡೆಗೆ ಮೂತಿ ಮಾಡಿ ಅವರ ಕೈಗೆ ಕೊಟ್ಟೆ. “ಮಾವ, ನಾನು ಹೇಳೋ ತನಕ ಕುದುರೆ ಮುಟ್ಟಬೇಡಿ” ಅಂದೆ. “ಹೂಂ” ಅಂದರು. ಹೆಬ್ಬೆರಳನ್ನು ಎಷ್ಟು ಜೋಪಾನವಾಗಿ ಕೆಳಗಿಟ್ಟುಕೊಂಡರೆಂದರೆ ಹಿಂದಿನ ಸುತ್ತಿಗೆಯಂಥ ಭಾಗಕ್ಕೆ ಅದು ತಾಕಲೇ ಇಲ್ಲ. ತೋರುಬೆರಳು ಮಾತ್ರ ಟ್ರಿಗರಿನ ಸುತ್ತಲಿನ ಕಾಪುಬಳೆಯ ಒಳಗೆ ಹೋಯಿತು. ಟಕ್! ನಾನು ಗಾಬರಿಯಾಗಿ ಮಣಿಕಟ್ಟು ಹಿಡಿದೆ. “ಕುದುರೆ ಮುಟ್ಟಲೇ ಇಲ್ವಲ್ಲೋ, ನಾ ಮುಟ್ಟಿದ್ದು ಬಿಲ್ಲು” ಅಂದರು.

ಅವರು ಹೇಳಿದ್ದು ಸರಿ. ಕೇಪಿನ ಕೋವಿಯಲ್ಲಿ ಕುದುರೆ ಅಂದರೆ ಕೇಪಿನ ಮೇಲೆ ಬಂದು ಬಡಿಯುವ ತುಂಡು. ಹೆಬ್ಬೆರಳಲ್ಲಿ ಎತ್ತಿ ನಿಲ್ಲಿಸುವುದು ಅದನ್ನೇ. ಬೆರಳು ಮಡಿಸಿ ಎಳೆಯುವುದು ಬಿಲ್ಲು. ತಮಿಳಿನ ‘ಕುದಿರೈ’ಗೂ ಬಂದೂಕಿನ ವಿಷಯದಲ್ಲಿ ಬಡಿಯುವ ಭಾಗವೆಂಬ ಅರ್ಥವಿದೆ. ಆದರೆ ಇವತ್ತಿನ ಕನ್ನಡದಲ್ಲಿ ‘ಕುದುರೆ ಒತ್ತಿದ’, ‘ಕುದುರೆ ಎಳೆದ’ ಎಂದು ಬರೆಯುವಾಗ ಬರೆಯುವವರ ಮನಸ್ಸಿನಲ್ಲಿರುವುದು ಟ್ರಿಗರ್. ನಾನೂ ಆ ಅರ್ಥದಲ್ಲೇ ಹೇಳಿದ್ದೆ. ಹಿಂದಿಯ ‘ಘೋಡಾ ದಬಾನಾ’ ಇದರ ಹಿಂದೆ ಇರಬಹುದೆಂದು ನನ್ನ ಊಹೆ. ಒಂದೇ ಮನೆಯ ಎರಡು ತಲೆಮಾರಿಗೆ ಒಂದೇ ಪದ ಎರಡು ಭಾಗಗಳಿಗೆ ಅಂಟಿಕೊಂಡಿದೆ.

ಪಂದ್ಯದ ಪಿಸ್ತೂಲಿಗೂ ನಿತ್ಯದ ಪಿಸ್ತೂಲಿಗೂ ಇರುವ ವ್ಯತ್ಯಾಸ ಹೇಳಲು ಹೋದರೆ ಈ ಗೊಂದಲ ಎಲ್ಲ ವಾಕ್ಯದಲ್ಲೂ ಅಡ್ಡ ಬರುತ್ತದೆ. (ಇಲ್ಲಿಂದ ಮುಂದೆ ಕುದುರೆ, ಬಿಲ್ಲು ಎರಡನ್ನೂ ಮಾವನ ಅರ್ಥದಲ್ಲೇ ಬಳಸುತ್ತೇನೆ.) ಶ್ಯಾಡೋ 2 ಉಕ್ಕಿನದು, ಖಾಲಿ ಇದ್ದಾಗಲೇ ಸುಮಾರು 1.3 ಕಿಲೋ. ಆ ಭಾರವೇ ಅದರ ಗುಣ: ಹಾರಿಸಿದಾಗ ಕೈಯಲ್ಲಿ ಒದೆಯುವುದು ಕಡಿಮೆ, ಎರಡನೆಯ ಈಡಿಗೆ ಗುರಿ ಬೇಗ ಕೂರುತ್ತದೆ. ಅದಕ್ಕೆ ಹೊರಗೆ ಕಾಣುವ ಕುದುರೆ ಇದೆ. ಕುದುರೆ ಇಳಿದಿದ್ದಾಗ ಮೊದಲ ಈಡಿಗೆ ಬಿಲ್ಲನ್ನು ಉದ್ದಕ್ಕೆ, ಬಲವಾಗಿ ಎಳೆಯಬೇಕು. ಆ ಎಳೆತವೇ ಕುದುರೆಯನ್ನು ಎತ್ತಿ ಬೀಳಿಸುತ್ತದೆ. ಮುಂದಿನ ಈಡುಗಳಿಗೆ ಕುದುರೆ ತಾನೇ ಎತ್ತಿ ನಿಂತಿರುತ್ತದೆ, ಬಿಲ್ಲು ಬೆಣ್ಣೆಯಂತೆ ಹಗುರ. ಇನ್ನೊಂದು ಮುಖ್ಯ ಸಂಗತಿ, ತೋಟಾದ ಹಿಂಬದಿಗೆ ಬಡಿಯುವ ಒಳಗಿನ ಮೊಳೆ ತಾನಾಗಿ ಮುಂದೆ ಚಿಮ್ಮದಂತೆ ಹಿಡಿಯುವ ತಡೆ ಅದರಲ್ಲಿ ಇಲ್ಲ. ಪಂದ್ಯದ ಬಯಲಿನಲ್ಲಿ, ಅಧಿಕಾರಿ ಹೇಳಿದ ಮೇಲೆಯೇ ತೋಟಾ ತುಂಬುವ ಕಡೆ, ಅದು ನಡೆಯುತ್ತದೆ. ತುಂಬಿದ್ದನ್ನೇ ಇಡೀ ದಿನ ಸೊಂಟದಲ್ಲಿಟ್ಟುಕೊಂಡು ಕಾರು ಹತ್ತಿ ಇಳಿಯುವವರಿಗೆ ನಾನು ಅದನ್ನು ಖಂಡಿತ ಹೇಳುವುದಿಲ್ಲ.

ಗ್ಲಾಕ್ 19 ಸುಮಾರು 600 ಗ್ರಾಂ. ಸಿಗ್ ಪಿ365 ಇನ್ನೂ ಚಿಕ್ಕದು, 500 ಗ್ರಾಂ ಆಸುಪಾಸು, ಅಂಗಿಯ ಕೆಳಗೆ ಇದೆಯೆಂದೇ ತಿಳಿಯುವುದಿಲ್ಲ. ಇವೆರಡರಲ್ಲೂ ಮಾವನ ಅರ್ಥದ ಕುದುರೆ ಇಲ್ಲವೇ ಇಲ್ಲ. ಒಳಗೆ ಸ್ಪ್ರಿಂಗಿನ ಬಲದಿಂದ ಮೊಳೆಯೇ ಚಿಮ್ಮುತ್ತದೆ. ಅದಕ್ಕೆ ತಡೆಯೂ ಇದೆ, ಬಿಲ್ಲೆಳೆದಾಗ ಮಾತ್ರ ಸರಿಯುವಂಥದ್ದು. ಬಿಲ್ಲು ಎಲ್ಲ ಈಡಿಗೂ ಒಂದೇ ತೆರ, ತುಸು ಬಿಗಿ. ಜೊತೆಗಿಟ್ಟುಕೊಳ್ಳುವುದಕ್ಕೆ ಆ ಬಿಗಿಯೇ ಬೇಕು. ಆದರೆ 500 ಗ್ರಾಮಿನದನ್ನು ಹಾರಿಸಿದರೆ ಕೈ ಉರಿಯುತ್ತದೆ, ನೂರು ಈಡು ಹೊಡೆದು ಅಭ್ಯಾಸ ಮಾಡುವ ಮನಸ್ಸೇ ಬರುವುದಿಲ್ಲ. ಅದಕ್ಕಾಗಿ ಒಂದನ್ನೇ ಕೊಳ್ಳುವವರಿಗೆ ಗ್ಲಾಕ್ 19ರ ಅಳತೆಯದನ್ನು ಹೇಳುತ್ತೇನೆ. ಪಂದ್ಯದಲ್ಲಿ ಗೆಲ್ಲಲಿಕ್ಕಿಲ್ಲ, ಕಲಿಯುವುದಕ್ಕಂತೂ ಸಾಲುತ್ತದೆ. ಈ ಎರಡು ಪ್ಯಾರಾಗಳಲ್ಲಿ ‘ಕುದುರೆ’ಯನ್ನು ಟ್ರಿಗರ್ ಎಂದು ಓದಿಕೊಂಡು ನೋಡಿ, ಅರ್ಥವೇ ಉಳಿಯುವುದಿಲ್ಲ.

ನನ್ನ ಮೊದಲ ಪ್ರಶ್ನೆ ಇದು. ‘ಬಿಲ್ಲು’ ನಮ್ಮ ಮಾವನ ಸೀಮೆಯಾಚೆಗೂ ಇದೆಯೇ? ಶಿರಸಿ, ಸುಳ್ಯ, ಸಕಲೇಶಪುರದ ಕಡೆ ಏನನ್ನುತ್ತಾರೆ? ಕೊಡವರಲ್ಲಿ ಕೋವಿಗೆ ‘ತೋಕ್’ ಎಂಬ ಸ್ವಂತ ಪದವಿದೆ, ಕೈಲ್‌ಪೋದ್ ಹಬ್ಬದಲ್ಲಿ ಅದಕ್ಕೆ ಪೂಜೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಆಯುಧ ಕಾಯ್ದೆಯಡಿ ಅವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದ್ದು, 2019ರಲ್ಲಿ ಅದು ಇನ್ನೂ ಹತ್ತು ವರ್ಷಕ್ಕೆ ಮುಂದುವರಿಯಿತು. ಆ ಮನೆಗಳಲ್ಲಿ ಬಿಡಿಭಾಗಗಳಿಗೂ ಹೆಸರುಗಳಿರಲೇಬೇಕು.

ಎರಡನೆಯದು ಕ್ರಿಯಾಪದದ ಪ್ರಶ್ನೆ. ಇಲ್ಲಿಯವರು ‘ಕ್ಯಾರಿ’ ಅನ್ನುವುದಕ್ಕೆ ನಾವು ಏನೆನ್ನಬೇಕು? ಹೊರುವುದು ತಲೆಹೊರೆಗೆ, ಹೆಗಲಿಗೆ. ಒಯ್ಯುವುದೆಂದರೆ ಎಲ್ಲಿಗೋ ತಲುಪಿಸಲು. ಧರಿಸುವುದು ಬಟ್ಟೆಗೆ, ಒಡವೆಗೆ, ದೇವರ ಕೈಯ ಆಯುಧಗಳಿಗೆ. ಪೊಲೀಸ್ ಸುದ್ದಿಯ ‘ಹೊಂದಿದ್ದ’ ಎಂಬುದು ಬೀರುವಿನಲ್ಲಿದ್ದರೂ ನಡೆಯುತ್ತದೆ. ನಾನು ಮೊದಲು ‘ಉಡಿ ಪಿಸ್ತೂಲು’ ಎಂದು ಬರೆದೆ. ಸೊಂಟದ ಮಡಿಕೆಯಲ್ಲಿ ಯಾರಿಗೂ ಕಾಣದಂತೆ ಇಟ್ಟುಕೊಳ್ಳುವ ಜಾಗಕ್ಕೆ ಅಷ್ಟು ಚೆಂದದ ಪದ ಬೇರೆ ತೋಚಲಿಲ್ಲ. ನನ್ನ ಹೆಂಡತಿ ಧಾರವಾಡದವಳು. ಓದಿ ಹಾಳೆ ಕೆಳಗಿಟ್ಟಳು. “ಉಡಿಯಾಗ ಅಕ್ಕಿ ಕೊಬ್ಬರಿ ತುಂಬತಾರ್ರೀ, ಪಿಸ್ತೂಲಲ್ಲ” ಅಂದಳು. ಅವಳಿಗೆ ಆ ಪದದಲ್ಲಿ ತವರುಮನೆ ಇದೆ. ಅಳಿಸಿಹಾಕಿದೆ. ‘ಸೊಂಟದ ಪಿಸ್ತೂಲು’ ಅನ್ನೋಣವೆಂದರೆ ಪಂದ್ಯದವರೂ ಸೊಂಟಕ್ಕೇ ಕಟ್ಟುವುದು, ಬೆಲ್ಟಿನ ಹೊರಗೆ, ಎಲ್ಲರಿಗೂ ಕಾಣುವಂತೆ. ಈಗ ‘ನಿತ್ಯದ ಪಿಸ್ತೂಲು’, ‘ಪಂದ್ಯದ ಪಿಸ್ತೂಲು’ ಎಂದು ಬರೆಯುತ್ತಿದ್ದೇನೆ. ಕ್ರಿಯಾಪದಕ್ಕೆ ‘ಜೊತೆಗಿಟ್ಟುಕೊಳ್ಳು’ ಎಂಬ ಉದ್ದನೆಯದೇ ಗತಿ. ಚಿಕ್ಕದಿದ್ದರೆ ಕೊಡಿ.

ಹೋಲ್ಸ್ಟರಿಗೆ ಚರ್ಚೆಯೇ ಬೇಡ ಅನ್ನಿಸುತ್ತದೆ, ‘ಒರೆ’ ಇದೆ. ಡ್ರಾ ಮಾಡುವುದಕ್ಕೆ ‘ಹಿರಿ’ ಇದೆ. ಒರೆಯಿಂದ ಕತ್ತಿ ಹಿರಿದವರು ಪಿಸ್ತೂಲನ್ನೂ ಹಿರಿಯಬಹುದು. “ಒರೆ ಬಿಲ್ಲನ್ನು ಪೂರ್ತಿ ಮುಚ್ಚುವಂತಿರಬೇಕು” ಎಂಬ ವಾಕ್ಯವನ್ನು ಮಾವನಿಗೆ ಓದಿ ಹೇಳಿದೆ, ಒಂದೇ ಸಲಕ್ಕೆ ತಿಳಿಯಿತು.

‘ಗುಂಡು’ ಮತ್ತು ‘ತೋಟಾ’ಗಳನ್ನು ಬೇರೆಬೇರೆ ಇಡಬೇಕೆಂದೂ ಕೇಳಿಕೊಳ್ಳುತ್ತೇನೆ. ಯುಎಸ್‌ಪಿಎಸ್‌ಎ (ಅಮೆರಿಕದ ಪ್ರಾಕ್ಟಿಕಲ್ ಶೂಟಿಂಗ್ ಸಂಸ್ಥೆ) ಪಂದ್ಯದಲ್ಲಿ ಮದ್ದಿನ ಬಲ ಲೆಕ್ಕ ಹಾಕುವುದು ಗುಂಡಿನ ತೂಕವನ್ನು ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸಿ: 124 ಗ್ರೇನ್ ಗುಂಡು ಸೆಕೆಂಡಿಗೆ 1050 ಅಡಿ ಹೋದರೆ 130. ಕನಿಷ್ಠ 125 ಬೇಕು. ಇಲ್ಲಿ ಗುಂಡೆಂದರೆ ಮುಂದೆ ಹಾರಿಹೋಗುವ ತುದಿ ಮಾತ್ರ. ಇಡೀ ತೋಟಾವನ್ನು ತೂಗಿದರೆ ಲೆಕ್ಕವೇ ಕೆಡುತ್ತದೆ.

ಉಳಿದದ್ದು ನಾವು ಆಡುವ ಆಟದ ಹೆಸರು. ‘ಪ್ರಾಕ್ಟಿಕಲ್ ಶೂಟಿಂಗ್’ ಅನ್ನು ‘ಪ್ರಾಯೋಗಿಕ’ ಎಂದರೆ ಪಿಯುಸಿಯ ರಸಾಯನಶಾಸ್ತ್ರದ ಲ್ಯಾಬ್ ನೆನಪಾಗುತ್ತದೆ, ‘ವ್ಯಾವಹಾರಿಕ’ ಎಂದರೆ ಅಂಗಡಿ. 1976ರಲ್ಲಿ ಮಿಸೌರಿಯ ಕೊಲಂಬಿಯಾದಲ್ಲಿ ಈ ಆಟದ ಅಂತರರಾಷ್ಟ್ರೀಯ ಸಂಸ್ಥೆಯಾದ ಐಪಿಎಸ್‌ಸಿ ಹುಟ್ಟಿದಾಗ ಅವರು ಇಟ್ಟುಕೊಂಡ ಲ್ಯಾಟಿನ್ ಧ್ಯೇಯದಲ್ಲಿ ಮೂರು ಮಾತುಗಳಿವೆ: ನಿಖರತೆ, ಬಲ, ವೇಗ. ನಿಂತಲ್ಲೇ ನಿಂತು ಹೊಡೆಯುವ ಆಟವಲ್ಲ. ಓಡುತ್ತ, ಬಾಗಿಲ ಮರೆಯಿಂದ ಇಣುಕುತ್ತ, ಗಡಿಯಾರದ ಜೊತೆ ಹೊಡೆಯುವುದು. ಸಿಕ್ಕ ಅಂಕವನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸುತ್ತಾರೆ, 12 ಸೆಕೆಂಡಿನಲ್ಲಿ 60 ಅಂಕ ಬಂದರೆ 5. ದಿನಬಳಕೆಯ ಪಿಸ್ತೂಲು ಹಿಡಿದು ಬದುಕಿನ ಆಪತ್ತಿಗೆ ತಯಾರಾಗಲೆಂದು ಶುರುವಾದ ಆಟ ಅದು. ಗೆಲ್ಲುವ ಆಸೆ ಪಿಸ್ತೂಲನ್ನು ವರ್ಷವರ್ಷವೂ ದಪ್ಪ ಮಾಡುತ್ತ, ಬಿಲ್ಲನ್ನು ಹಗುರ ಮಾಡುತ್ತ ಬಂತು. ನಿತ್ಯದ ಪಿಸ್ತೂಲಿಗೇ ಮತ್ತೆ ಜಾಗ ಕೊಡಬೇಕೆಂದವರು 1996ರಲ್ಲಿ ಐಡಿಪಿಎ ಎಂಬ ಬೇರೆ ಸಂಸ್ಥೆ ಕಟ್ಟಿದರು, ಅಲ್ಲಿ ಸಾಮಾನ್ಯವಾಗಿ ಅಂಗಿಯ ಮರೆಯಿಂದಲೇ ಹಿರಿಯಬೇಕು. ಈ ಆಟಕ್ಕೆ ನಾನು ತಾತ್ಕಾಲಿಕವಾಗಿ ‘ಓಡುಗುರಿ ಪಂದ್ಯ’ ಎಂದಿಟ್ಟಿದ್ದೇನೆ. ಓಡುವುದು ಗುರಿಯೋ ಹೊಡೆಯುವವರೋ ಎಂಬ ಸಂದೇಹ ಅದರಲ್ಲಿ ಉಳಿಯುತ್ತದೆ, ನನಗೂ ಪೂರ್ತಿ ಸಮಾಧಾನವಿಲ್ಲ.

ಆಟದ ಹೆಸರು ತಡವಾದರೂ ಚಿಂತೆಯಿಲ್ಲ. ಬಿಲ್ಲು–ಕುದುರೆಯ ವಿಷಯ ಮಾತ್ರ ಮುಂದಿನ ತಿಂಗಳ ಪಂದ್ಯಕ್ಕೆ ಮೊದಲು ತೀರ್ಮಾನ ಆಗಬೇಕು, ಹಾಳೆ ಹಂಚುವುದು ಅವತ್ತೇ. ಮನೆಯಲ್ಲಿ ಕೋವಿ ಇದ್ದವರು ದಯವಿಟ್ಟು ಹಿರಿಯರನ್ನು ಕೇಳಿ. ಹೆಬ್ಬೆರಳಲ್ಲಿ ಎತ್ತುವುದಕ್ಕೆ ಏನು ಹೆಸರು, ತೋರುಬೆರಳಲ್ಲಿ ಎಳೆಯುವುದಕ್ಕೆ ಏನು, ಎರಡನ್ನೂ ಬೇರೆಬೇರೆಯಾಗಿ ಕೇಳಿ, ಜೊತೆಗೆ ಯಾವ ಊರಿನ ಮಾತು ಎಂಬುದನ್ನೂ ಬರೆಯಿರಿ.